ನಾರಿಚ್‌ನ ನಿರಾಶ್ರಿತ ನೇಕಾರರು: ಭಾನುವಾರದ ಚರ್ಚೆ

ಸದಸ್ಯರ ಗಮನಕ್ಕೆ: ಭಾನುವಾರದ ಚರ್ಚೆ ಇಂಗ್ಲೆಂಡಿನ ನಾರಿಚ್ ಪಟ್ಟಣವನ್ನು ಕುರಿತದ್ದು. ಉಣ್ಣೆ ಬಟ್ಟೆಯ ವ್ಯಾಪಾರ ಕುಸಿದಿದ್ದ ಆ ಊರಿನ ಆಡಳಿತಗಾರರೇ 1565ರಲ್ಲಿ ಒಂದನೇ ಎಲಿಜಬೆತ್ ರಾಣಿಯ ಅನುಮತಿ ಪಡೆದು, ಸ್ಪೇನಿನ ಕ್ಯಾಥೊಲಿಕ್ ದೊರೆಯ ಆಳ್ವಿಕೆಯಲ್ಲಿದ್ದ ಫ್ಲಾಂಡರ್ಸ್ ಸೀಮೆಯಲ್ಲಿ (ಇಂದಿನ ಬೆಲ್ಜಿಯಂ ಸುತ್ತಿನ ಪ್ರದೇಶ) ಧರ್ಮದ ಕಾರಣಕ್ಕೆ ಕಿರುಕುಳ ಅನುಭವಿಸುತ್ತಿದ್ದ ಪ್ರಾಟೆಸ್ಟೆಂಟ್ ನೇಕಾರರ 30 ಕುಟುಂಬಗಳನ್ನು ಕರೆಸಿಕೊಂಡರು. ಹದಿನೈದು ವರ್ಷಗಳೊಳಗೆ ಊರಿನ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಜನ ಈ ಪರದೇಶಿಗಳೇ ಆಗಿದ್ದರು. ಈ ನೇಕಾರರನ್ನು ಕರೆಸಿಕೊಂಡದ್ದರಲ್ಲಿ ಕರುಣೆಗಿಂತ ಲೆಕ್ಕಾಚಾರವೇ ಹೆಚ್ಚಿತ್ತೆಂದು ನನ್ನ ಅಭಿಪ್ರಾಯ. ಅವರು ನೇಯ್ದ ಹಗುರವಾದ, ಬಣ್ಣಬಣ್ಣದ ಬಟ್ಟೆಗಳಿಂದ ಊರು ಚೇತರಿಸಿಕೊಂಡಿತಾದರೂ, ಅವರನ್ನು ಹೊರಗಟ್ಟಲು 1570ರಲ್ಲಿ ಸಂಚೂ ನಡೆಯಿತು. ಅವರು ಪಂಜರದಲ್ಲಿ ಸಾಕುತ್ತಿದ್ದರೆನ್ನಲಾದ ಹಳದಿ ಕ್ಯಾನರಿ ಹಕ್ಕಿ ಇಂದು ಅಲ್ಲಿನ ಫುಟ್‌ಬಾಲ್ ತಂಡದ ಲಾಂಛನ. 1570ರ ಸಂಚಿನ ಹಿನ್ನೆಲೆಯನ್ನು ಓದಿಕೊಂಡು ಬರಬೇಕಾಗಿ ವಿನಂತಿ.