ಕೊಲ್ಲಿಯಿಂದ ಮರಳಿದವರ ಅನುಭವ ಊರಿಗೆ ದಕ್ಕಲಿ

ಮಾನ್ಯ ಸಂಪಾದಕರೇ,

ಕೊಲ್ಲಿ ರಾಷ್ಟ್ರಗಳ ತೈಲ ಮತ್ತು ಅನಿಲ ಘಟಕಗಳಲ್ಲಿ ದುಡಿದು ರಾಯಚೂರಿಗೆ ಮರಳಿರುವ ನನ್ನಂಥ ತಂತ್ರಜ್ಞರಿಗೆ, ಕೊಳವೆಗಳಿಂದ ಶಾಖ ಸೋರದಂತೆ ಹೊದಿಕೆ ಹಾಕುವುದು, ಬಾಯ್ಲರ್‌ಗಳ ಇಂಧನದ ಲೆಕ್ಕ ಇಡುವುದು ಕರಗತವಾದ ಕೆಲಸ. ಚಳಿ ದೇಶಗಳಂತೆ ಮನೆಯನ್ನೇ ಬೆಚ್ಚಗಿಡುವ ಖರ್ಚು ನಮಗಿಲ್ಲವಾದರೂ ಸ್ನಾನದ ನೀರು ಕಾಯಿಸುವ ಖರ್ಚಿದೆ: 20 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 0.8 ಯೂನಿಟ್ ವಿದ್ಯುತ್ ಬೇಕು, 45 ಡಿಗ್ರಿಗಾದರೆ ಅರ್ಧ ಯೂನಿಟ್ ಸಾಕು. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಕಂಡವರಿಗೆ ಈ ವ್ಯತ್ಯಾಸ ಸಣ್ಣದೆನಿಸದು. ಇಂಧನ ಎಲ್ಲಿ ಪೋಲಾಗುತ್ತಿದೆ ಎಂದು ಪರಿಶೀಲಿಸುವ ಇಂಧನ ಲೆಕ್ಕಪರಿಶೋಧಕರಿಗೆ 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ರಾಷ್ಟ್ರಮಟ್ಟದ ಪರೀಕ್ಷೆ ನಡೆಯುತ್ತದೆ. ಅದಕ್ಕೆ ಇಲ್ಲಿನ ಯುವ ಎಂಜಿನಿಯರುಗಳನ್ನು ಸಿದ್ಧಪಡಿಸುವ ತರಬೇತಿಯನ್ನು ಜಿಲ್ಲಾಡಳಿತ ರಾಯಚೂರಿನಲ್ಲೇ ಆರಂಭಿಸಬೇಕು. ಕಲಿಸಲು ನಾವು ಸಿದ್ಧರಿದ್ದೇವೆ.

— ಓರ್ವ ನಿವೃತ್ತ ಎಂಜಿನಿಯರ್, ರಾಯಚೂರು