ಆರು ತಿಂಗಳಾದ್ಮೇಲೆ ಎಲ್ರಿಗೂ ಒಂದು ಥ್ಯಾಂಕ್ಸ್ (ಸ್ವಲ್ಪ ಉದ್ದ ಇದೆ)

ಈ ವಾರದಿಂದ ಫುಲ್ ಡೇ ಕೆಲಸಕ್ಕೆ ಹೋಗ್ತಿದೀನಿ. ಕಾಲಿನ ಗಾಯದಿಂದ ನಂಜೇರಿ ಆಸ್ಪತ್ರೆ ಸೇರಿದ್ನಲ್ಲ, ಅವಾಗ ಫೋನು ಮೆಸೇಜು ಮಾಡಿದ ಎಷ್ಟೋ ಜನಕ್ಕೆ ಉತ್ತರಾನೇ ಕೊಟ್ಟಿರ್ಲಿಲ್ಲ, ಬೇಜಾರ್ ಮಾಡ್ಕೋಬೇಡಿ, ಎಲ್ಲಾ ಸೇರಿಸಿ ಇಲ್ಲೇ ಬರೀತಿದೀನಿ.

ಆಗಿದ್ದಿಷ್ಟು. ಸೈಕಲ್ ಪೆಡಲ್ ತಾಗಿ ಕಾಲು ತರಚಿತ್ತು, ಅರಿಶಿನ ಹಚ್ಕೊಂಡು ಸುಮ್ನಾದೆ. ಮೂರನೇ ದಿನ ಕಾಲು ಊದಿ ಕೆಂಡದ ಥರ ಆಗಿ, ರಾತ್ರಿ ಚಳಿ ನಡುಕ ಬಂದು ಏನೇನೋ ಬಡಬಡಿಸೋಕೆ ಶುರು ಮಾಡಿದ್ನಂತೆ, ನಮ್ಮನೆಯವ್ರು ಹೆದರಿ ಆಂಬುಲೆನ್ಸ್ ಕರೆಸಿದ್ರು. ಸೆಪ್ಸಿಸ್ ಅಂದ್ರು, ಅಂದ್ರೆ ಸೋಂಕಿನ ವಿರುದ್ಧ ಹೋರಾಡೋಕೆ ಹೋಗಿ ದೇಹ ತನ್ನ ಅಂಗಗಳಿಗೇ ಹಾನಿ ಮಾಡ್ಕೊಳ್ಳೋದು. ಮೊದಲು ಕೊಟ್ಟ ಆಂಟಿಬಯೋಟಿಕ್ ಕೆಲಸ ಮಾಡ್ಲಿಲ್ಲ, ಬ್ಲಡ್ ಕಲ್ಚರ್ (ರಕ್ತದಲ್ಲಿ ಯಾವ ಸೂಕ್ಷ್ಮಜೀವಿ ಇದೆ ಅಂತ ಬೆಳೆಸಿ ನೋಡೋ ಟೆಸ್ಟ್) ರಿಪೋರ್ಟ್ ಬಂದ್ಮೇಲೆ ಬೇರೆ ಕೊಟ್ರು, ಅದು ಹಿಡೀತು. ಒಟ್ಟು 11 ದಿನ ಆಸ್ಪತ್ರೆ. ರಾತ್ರಿ ಪಾಳಿಯ ಮಲಯಾಳಿ ಸಿಸ್ಟರ್ ಹೆಸರು ಬರೆಯಲ್ಲ, ಆದ್ರೆ ಅವ್ರು ತಲೆ ಬಾಚಿ ಜಡೆ ಹಾಕಿದ್ದನ್ನ ಸಾಯೋವರೆಗೂ ಮರೆಯಲ್ಲ.

ನಾವಿರೋದು ಆಕ್ಸ್‌ಫರ್ಡಲ್ಲಿ. ಇದೇ ಊರಲ್ಲಿ 1941ರ ಫೆಬ್ರವರಿಲಿ ಆಲ್ಬರ್ಟ್ ಅಲೆಕ್ಸಾಂಡರ್ ಅನ್ನೋ 43 ವರ್ಷದ ಪೊಲೀಸಪ್ಪನಿಗೆ ಪೆನಿಸಿಲಿನ್ (ಬೂಷ್ಟಿನಿಂದ ತೆಗೆಯೋ ಆಂಟಿಬಯೋಟಿಕ್) ಇಂಜೆಕ್ಷನ್ ಕೊಟ್ರು. ನನ್ನ ಥರಾನೇ ಒಂದು ಗಾಯದಿಂದ ನಂಜು ಏರಿತ್ತು, ಅವನದು ಮುಖದ ಗಾಯ, ಆಗಲೇ ಒಂದು ಕಣ್ಣು ಹೋಗಿತ್ತು. ಗುಲಾಬಿ ಮುಳ್ಳು ಗೀರಿದ್ದು ಅಂತ ಕಥೆ ಹೇಳ್ತಾರೆ, ಬಾಂಬ್ ದಾಳೀಲಿ ಆದ ಗಾಯ ಅಂತ ಅವನ ಮಗಳು ಆಮೇಲೆ ಹೇಳಿದಾರೆ. ಒಂದೇ ದಿನಕ್ಕೆ ಜ್ವರ ಇಳಿದು ಊಟ ಕೇಳೋ ಹಾಗಾದ. ಆದ್ರೆ ಅದನ್ನ ತಯಾರಿಸ್ತಿದ್ದ ಇಲ್ಲಿನ ಇಡೀ ಲ್ಯಾಬಲ್ಲಿ ಇದ್ದ ಔಷಧಿನೇ ಅಷ್ಟು! ಯುದ್ಧದ ಕಾಲ, ಪಾತ್ರೆ ಸಿಗದೆ ಆ ಲ್ಯಾಬಿನ ಹೀಟ್ಲಿ ಅನ್ನೋರು ಬೆಡ್‌ಪ್ಯಾನಲ್ಲೆಲ್ಲ ಬೂಷ್ಟು ಬೆಳೆಸ್ತಿದ್ರು. ಕೊನೆಗೆ ಅವನ ಮೂತ್ರದಿಂದಾನೇ ಪೆನಿಸಿಲಿನ್ ವಾಪಸ್ ತೆಗೆದು ಕೊಟ್ಟು ನೋಡಿದ್ರು, ಅದೂ ಮುಗೀತು, ಮಾರ್ಚ್ 15ಕ್ಕೆ ತೀರ್ಕೊಂಡ. 1945ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್, ಅದನ್ನ ಇಲ್ಲಿ ಔಷಧಿ ಮಾಡಿದ ಫ್ಲೋರಿ, ಚೇನ್ ಮೂವರಿಗೂ ನೊಬೆಲ್ ಬಂತು, ಹೀಟ್ಲಿಗೆ ಬರ್ಲಿಲ್ಲ (ನಂಗೆ ಇವತ್ತಿಗೂ ಸಿಟ್ಟು). ಫ್ಲೆಮಿಂಗ್ ಅವತ್ತೇ ಹೇಳಿದ್ರು, ಅರೆಬರೆ ಡೋಸ್ ತಗೊಂಡ್ರೆ ಸೂಕ್ಷ್ಮಜೀವಿಗಳು ಔಷಧಿಗೆ ಬಗ್ಗದೆ ಗಟ್ಟಿಯಾಗ್ತಾವೆ ಅಂತ. ಊರಲ್ಲಿದ್ದಾಗ ಎರಡು ಮಾತ್ರೆ ನುಂಗಿ ಮಿಕ್ಕಿದ್ದನ್ನ ಫ್ರಿಜ್ ಮೇಲೆ ಎಸೀತಿದ್ದೋಳು ನಾನೇ.

ಹಾಸನದಲ್ಲಿ ಅಮ್ಮ ಮಂಜುನಾಥಸ್ವಾಮಿಗೆ ಹರಕೆ ಹೊತ್ತಿದ್ರು, ಅವನೇ ಕಾಪಾಡಿದ್ದು ಅಂತಾರೆ, ನಾನು ವಾದ ಮಾಡಕ್ಕೆ ಹೋಗಿಲ್ಲ.

ಮನೆಗೆ ಬಂದ್ಮೇಲೆ ಶುರುವಾಗಿದ್ದು ಇನ್ನೊಂದು. ಮೆಟ್ಟಿಲು ಹತ್ತಿದ್ರೆ ಏದುಸಿರು, ಕೂದಲು ಉದುರೋದು, ಸೌಟಿಗೆ ಏನಂತಾರೆ ಅಂತ ನೆನಪಾಗದೆ ಅಡುಗೆಮನೇಲಿ ನಿಂತು ಅತ್ತಿದೀನಿ. ಟೆಸ್ಟ್ ಎಲ್ಲಾ ನಾರ್ಮಲ್. ಒಬ್ರು ಡಾಕ್ಟ್ರು ಸ್ಟ್ರೆಸ್ ಅಂತ ಐದು ನಿಮಿಷದಲ್ಲಿ ಕಳಿಸಿದ್ರು. ಇನ್ನೊಬ್ರು ಕಂಪ್ಯೂಟರ್ ಕಡೆ ನೋಡೋದು ಬಿಟ್ಟು ಪೂರ್ತಿ ಕೇಳಿಸ್ಕೊಂಡು ಹೇಳಿದ್ರು, ಸೆಪ್ಸಿಸ್ ಆದ್ಮೇಲೆ ಹೀಗಾಗೋದು ಇದೆ, ನೀವು ಸುಳ್ಳು ಹೇಳ್ತಿಲ್ಲ, ಆದ್ರೆ ಇದಕ್ಕೆ ನನ್ಹತ್ರ ಮಾತ್ರೆ ಇಲ್ಲ, ಯಾವಾಗ ಸರಿಹೋಗತ್ತೆ ಅನ್ನೋದೂ ಗೊತ್ತಿಲ್ಲ ಅಂತ. ಜೀವ ಉಳಿಸಿದ ಡ್ರಿಪ್‌ಗೆ ಎಷ್ಟು ಋಣಿಯೋ ಆ "ಗೊತ್ತಿಲ್ಲ"ಕ್ಕೂ ಅಷ್ಟೇ ಋಣಿ ನಾನು. ಅವತ್ತು ರಾತ್ರಿ ತಿಂಗಳಾದ್ಮೇಲೆ ಮೊದಲ್ನೇ ಸಲ ಕಣ್ತುಂಬ ನಿದ್ದೆ ಬಂತು.

ಮಾತ್ರೆ ಇಲ್ಲದ ಆ ತಿಂಗಳುಗಳನ್ನ ದಾಟಿಸಿದ್ದು ನೀವು. ದಿನಾ ಸಂಜೆ ಕೈಹಿಡಿದು ವಾಕಿಂಗ್ ಕರ್ಕೊಂಡೋದ ಪಕ್ಕದ್ಮನೆ ಅಜ್ಜಿ, ಮಕ್ಕಳನ್ನ ಸ್ಕೂಲಿಗೆ ಬಿಟ್ಟೋರು, ತಿಳಿಸಾರು ಕಳಿಸಿದೋರು. ಮೊದಲ ದಿನ ಗೇಟಿನವರೆಗೆ ಅಷ್ಟೇ ಆಗಿತ್ತು, ಹೋದ ವಾರ ಬೊಟಾನಿಕ್ ಗಾರ್ಡನ್‌ವರೆಗೂ ಹೋಗಿಬಂದ್ವಿ, ಅದರ ಮುಂದೆ ಪೆನಿಸಿಲಿನ್ ಕೆಲಸ ಮಾಡಿದೋರ ನೆನಪಿಗೆ ಗುಲಾಬಿ ತೋಟ ಇದೆ, ಅಜ್ಜಿ ಬೆಂಚ್ ಹುಡುಕೋವರೆಗೂ ನಿಂತೇ ಇದ್ದೆ.

ಆಮೇಲೆ, ಸಾರಿನ ಡಬ್ಬಿಗಳು ಹದಿನಾಲ್ಕು ಇವೆ, ಯಾರ್ದು ಯಾವ್ದು ಅಂತ ಒಂದೂ ಗೊತ್ತಿಲ್ಲ. ಶನಿವಾರ ಬಂದು ತಗೊಂಡೋಗಿ, ಚಿತ್ರಾನ್ನ ಮಾಡಿರ್ತೀನಿ.