ನೋಟಿಸನ್ನು ಫೋಟೊ ಹೊಡೆದು ಕಳಿಸಿದರೆ ಸಾಲದು

ಮಾನ್ಯ ಸಂಪಾದಕರೆ,

ನಮ್ಮೂರಿನ ಸಹಕಾರ ಸಂಘದ ವಾರ್ಷಿಕ ಸಭೆಯ ನೋಟಿಸು ಮೊನ್ನೆ ವಾಟ್ಸ್‌ಆ್ಯಪ್‌ಗೆ ಬಂತು. ಕಣ್ಣು ಕಾಣದ ನನಗೆ ಫೋನು ಅದನ್ನು ಓದಿ ಹೇಳಿದ್ದು ಇಷ್ಟೇ: ‘ಫೋಟೊ’. ಸಭೆ ಯಾವತ್ತು, ಎಷ್ಟು ಹೊತ್ತಿಗೆ, ಡಿವಿಡೆಂಡ್ ವಿಷಯ ಇದೆಯೋ ಇಲ್ಲವೋ, ಒಂದೂ ಗೊತ್ತಾಗಲಿಲ್ಲ. ಆ ಸಂಘದ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಕಚೇರಿ, ಶಾಲೆ, ದೇವಸ್ಥಾನದ ಸಮಿತಿ, ಎಲ್ಲರೂ ಹೀಗೇ ಮಾಡುತ್ತಾರಲ್ಲ, ಅದಕ್ಕೆ.

ನಾನು ಪತ್ರ ಬರಹಗಾರ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದುಕೊಂಡೇ ಸಂಸಾರ ನಡೆದಿದೆ. ಗ್ಲಾಕೋಮಾದಿಂದ ಎರಡೂ ಕಣ್ಣು ಹೋದವು. ನನಗೆ ನೋವು ಗೀವು ಏನೂ ಇರಲಿಲ್ಲ. ಮೊದಲು ಪಕ್ಕದ ನೋಟ ಹೋಯಿತು. ನಡುವಿನದು ಚೆನ್ನಾಗಿಯೇ ಇದ್ದುದರಿಂದ ಯಾವಾಗ ಹೋಯಿತು ಅಂತಲೇ ತಿಳಿಯಲಿಲ್ಲ. ಈ ಕಾಯಿಲೆಯಲ್ಲಿ ಹೋದ ನೋಟ ವಾಪಸ್ ಬರುವುದಿಲ್ಲ. ಮನೆಯಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರು, ಮಕ್ಕಳು ಒಮ್ಮೆ ಕಣ್ಣು ತೋರಿಸಿಕೊಳ್ಳುವುದು ಒಳ್ಳೆಯದು. ವಿಷಯ ಬಂತು ಅಂತ ಹೇಳಿದೆ.

ಅಂಗಡಿ ಮುಚ್ಚುವುದೊಂದೇ ದಾರಿ ಅಂದುಕೊಂಡಿದ್ದಾಗ ಅಕ್ಕನ ಮಗ ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿಕೊಟ್ಟ. ಪರದೆ ಮೇಲೆ ಇರುವುದನ್ನು ಓದಿ ಹೇಳುವ ಸಾಫ್ಟ್‌ವೇರು. ಒಂದು ಪೈಸೆ ಖರ್ಚಿಲ್ಲ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಇದನ್ನು ಶುರು ಮಾಡಿದರಂತೆ, ಆಮೇಲೆ ಗೆಳೆಯ ಜೇಮ್ಸ್ ಟೆ ಸೇರಿಕೊಂಡರಂತೆ. ಇಬ್ಬರೂ ಕಣ್ಣು ಕಾಣದವರು. ಬಳಸಿದರೆ ಅದು ಗೊತ್ತಾಗುತ್ತದೆ. ಎಲ್ಲಿ ತಡಕಾಡುತ್ತೇವೋ ಅಲ್ಲೇ ಒಂದು ಕೀ ಇಟ್ಟಿದ್ದಾರೆ.

ಟೈಪಿಂಗ್ ಕಷ್ಟವಾಗಲಿಲ್ಲ. ಕನ್ನಡಕ್ಕಾಗಿ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ಕೈ ಪಳಗಿತ್ತು. ಎಫ್ ಮತ್ತು ಜೆ ಮೇಲಿನ ಸಣ್ಣ ಉಬ್ಬು ಬೆರಳಿಗೆ ಸಿಕ್ಕರೆ ಸಾಕು, ಒತ್ತಕ್ಷರ ಸಮೇತ ತಾನಾಗಿ ಬರುತ್ತದೆ. ಕಷ್ಟವಾಗಿದ್ದು ಕೇಳಿಸಿಕೊಳ್ಳುವುದು. ಕಣ್ಣಿದ್ದಾಗ ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಯ ವಿವರದ ಮೇಲೆ ಒಮ್ಮೆ ನೋಟ ಹಾಯಿಸಿದರೆ ಪೂರ್ವ ಪಶ್ಚಿಮ ಅದಲುಬದಲಾಗಿದ್ದು ತಟ್ಟನೆ ಸಿಗುತ್ತಿತ್ತು. ಈಗ ಸಾಲು ಸಾಲಾಗಿ ಕೇಳಬೇಕು. ಸರ್ವೆ ನಂಬರ್ ಬಂದ ಕೂಡಲೇ ಬಾಣದ ಕೀ ಒತ್ತಿ ಒಂದೊಂದೇ ಅಂಕಿ ಕೇಳುತ್ತೇನೆ. ಹೆಸರುಗಳನ್ನೂ ಹಾಗೇ. ಶಕಾರ, ಷಕಾರ ಎರಡೂ ನನ್ನ ಕಿವಿಗೆ ಒಂದೇ, ಪಹಣಿಯಲ್ಲಿ ಒಂದೇ ಅಲ್ಲ ನೋಡಿ. ಅಲ್ಲಿ ಎಡವಿದರೆ ಪಾರ್ಟಿಯವರು ತಿದ್ದುಪಡಿ ಪತ್ರಕ್ಕೆ ಮತ್ತೆ ದುಡ್ಡು ಸುರಿಯಬೇಕು. ದಿನ ಕಳೆದಂತೆ ದನಿಯ ವೇಗ ಏರಿಸಿಕೊಂಡೆ. ಈಗ ಅದು ಓದುವಾಗ ಪಕ್ಕದ ಟೀ ಅಂಗಡಿಯವರು ಇಣುಕಿ ನೋಡಿ, “ಯಾರು ಸ್ವಾಮಿ ನಿಮ್ಮನ್ನ ಹಿಂಗೆ ಬಯ್ತಿರೋದು?” ಅಂತಾರೆ.

ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಆಂಡ್ರಾಯ್ಡ್ ಫೋನಿನ ಜೊತೆಗೇ ಬರುತ್ತದೆ. ಬೆರಳು ಎಳೆದರೆ ಮುಂದಿನದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಕನ್ನಡವನ್ನು ಚೆನ್ನಾಗಿಯೇ ಓದುತ್ತದೆ.

ಯಂತ್ರಕ್ಕೆ ಕನ್ನಡ ಬರುತ್ತದೆ, ಅದನ್ನು ಬಳಸಲು ನನಗೂ ಬರುತ್ತದೆ. ಆದರೆ ನಮಗೆ ಬರುವ ಕಾಗದದಲ್ಲಿ ಯಂತ್ರ ಓದುವಂಥ ಅಕ್ಷರವೇ ಇರುವುದಿಲ್ಲ. ಆ ನೋಟಿಸನ್ನೇ ತಗೊಳ್ಳಿ. ಕಾರ್ಯದರ್ಶಿಯವರು ಅದನ್ನು ಕಂಪ್ಯೂಟರಿನಲ್ಲೇ ಟೈಪ್ ಮಾಡಿಸಿದ್ದರು. ಪ್ರಿಂಟ್ ತೆಗೆದರು, ಸಹಿ ಹಾಕಿದರು, ಸೀಲು ಒತ್ತಿದರು, ಟೇಬಲ್ ಮೇಲಿಟ್ಟು ಫೋಟೊ ಹೊಡೆದು ಕಳಿಸಿದರು. ನನಗೆ ಬೇಕಾಗಿದ್ದು ಮೊದಲನೇ ಹೆಜ್ಜೆಯಲ್ಲೇ ಇತ್ತು. ಕೇಳಿದ್ದಕ್ಕೆ, “ಸೀಲು ಕಾಣದಿದ್ರೆ ಜನ ನಂಬಲ್ಲ ಸ್ವಾಮಿ” ಅಂದರು. ಅದೂ ಸರಿ. ಹಾಗಾದರೆ ಫೋಟೊ ಕೆಳಗೆ ಟೈಪ್ ಮಾಡಿದ್ದನ್ನೂ ಅಂಟಿಸಿ ಕಳಿಸಬಹುದಲ್ವಾ? ಫೋಟೊದಿಂದ ಅಕ್ಷರ ತೆಗೆಯುವ ಆ್ಯಪ್‌ಗಳು ಇವೆ, ಇಲ್ಲವೆನ್ನುವುದಿಲ್ಲ. ಅಚ್ಚು ಶುದ್ಧವಾಗಿದ್ದರೆ ಓದುತ್ತವೆ. ಅಕ್ಷರದ ಮೇಲೆ ಸೀಲು ಬಿದ್ದಿದ್ದರೆ ತಡವರಿಸುತ್ತವೆ. ಕೊಬ್ಬರಿ ರೇಟಿನ ಪಟ್ಟಿ ತೋರಿಸಿದರಂತೂ ಯಾವ ದಿನದ ರೇಟು ಯಾವುದಕ್ಕೆ ಅಂಟಿಕೊಳ್ಳುತ್ತದೋ ದೇವರಿಗೇ ಗೊತ್ತು.

ಇನ್ನೊಂದು ಕಾಟ ಕನ್ನಡ ಟೈಪ್ ಮಾಡುವ ‘ನುಡಿ’ ಸಾಫ್ಟ್‌ವೇರಿನ ಹಳೆಯ ಫಾಂಟಿನ ಫೈಲುಗಳದು. ನನ್ನದೇ ಕಂಪ್ಯೂಟರಿನಲ್ಲಿ ರಾಶಿ ಬಿದ್ದಿವೆ. ಅವು ಕಣ್ಣಿಗೆ ಮಾತ್ರ ಕನ್ನಡ. ಒಳಗಿರುವುದು ಇಂಗ್ಲಿಷ್, ಯುರೋಪಿನ ಅಕ್ಷರಗಳು, ಮೇಲೆ ಕನ್ನಡದ ಆಕಾರ. ಅದರಲ್ಲಿ ಟೈಪಾದ ‘ಕನ್ನಡ’ ಎಂಬುದನ್ನು ಒಂದೊಂದೇ ಅಕ್ಷರ ಓದಿಸಿದರೆ ಇಂಗ್ಲಿಷಿನ ‘ಪಿ’ಯಿಂದ ಶುರುವಾಗಿ ನಡುವೆ ಪೌಂಡಿನ ಗುರುತೂ ಬರುತ್ತದೆ. ಯೂನಿಕೋಡ್‌ನಲ್ಲಿ, ಅಂದರೆ ಕನ್ನಡದ ಅಕ್ಷರವನ್ನು ಕನ್ನಡದ್ದಾಗಿಯೇ ಉಳಿಸುವ ಪದ್ಧತಿಯಲ್ಲಿ, ಟೈಪ್ ಮಾಡಿದರೆ ಈ ಗೋಳಿಲ್ಲ. ಈಗಿನ ನುಡಿಯಲ್ಲೇ ಯೂನಿಕೋಡ್ ಇದೆ, ಕೀಲಿಮಣೆಯೂ ಅದೇ. ಆದರೂ ನನಗೆ ಬರುವ ಎಷ್ಟೋ ಫೈಲು ಇನ್ನೂ ಹಳೇ ಫಾಂಟಿನವೇ.

ಇದೇನು ದಾನ ಕೇಳುತ್ತಿರುವುದಲ್ಲ. ಮುದ್ರಣ, ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಬರುವುದೆಲ್ಲ ಅಂಗವಿಕಲರೂ ಬಳಸುವ ರೂಪದಲ್ಲಿ ಸಿಗುವಂತೆ ಸರ್ಕಾರ ಕ್ರಮ ತೆಗೆದುಕೊಳ್ಳಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ನಿನಲ್ಲಿದೆ. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎನ್ನುವ ಇ-ಕೆವೈಸಿ (ಆನ್‌ಲೈನಿನಲ್ಲಿ ಗ್ರಾಹಕರ ಗುರುತು ಖಚಿತಪಡಿಸಿಕೊಳ್ಳುವುದು) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೌಲಭ್ಯ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದಿತು. ದಿಲ್ಲಿಯಲ್ಲಿ ಇಷ್ಟು ಆಗಿದೆ. ಊರಿನ ವಾಟ್ಸ್‌ಆ್ಯಪ್‌ ಗುಂಪಿಗೆ ಯಾರೂ ಹೇಳಿದಂತಿಲ್ಲ.

ಕೊನೆಗೆ ನಿಮ್ಮ ಪತ್ರಿಕೆಗೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ವೆಬ್‌ಸೈಟಿನ ಸುದ್ದಿ ನನಗೆ ಸಲೀಸು. ಎಚ್ ಕೀ ಒತ್ತುತ್ತ ಒಂದು ತಲೆಬರಹದಿಂದ ಇನ್ನೊಂದಕ್ಕೆ ಹೋಗುತ್ತೇನೆ. ಆದರೆ ಇ-ಪೇಪರಿನ ಪುಟ ಬರೀ ಚಿತ್ರ. ನಮ್ಮ ತಾಲ್ಲೂಕಿನ ಚಿಕ್ಕ ಸುದ್ದಿ, ನಿಧನ ವಾರ್ತೆ, ಹರಾಜಿನ ಪ್ರಕಟಣೆ ಇರುವುದು ಅದರಲ್ಲಿ ಮಾತ್ರ. ಯಾರು ತೀರಿಕೊಂಡರು ಎನ್ನುವುದನ್ನು ನಾನು ಟೀ ಅಂಗಡಿಯಲ್ಲೇ ಕೇಳಿ ತಿಳಿಯಬೇಕು. ಆ ಪುಟಗಳೂ ನಿಮ್ಮಲ್ಲಿ ಟೈಪ್ ಆಗಿಯೇ ಇರುತ್ತವಲ್ಲ. ಸ್ಥಳೀಯ ಪುಟ ಒಂದನ್ನಾದರೂ ಪಠ್ಯವಾಗಿ ವೆಬ್‌ಸೈಟಿಗೆ ಹಾಕಲು ಸಾಧ್ಯವೇ, ತಿಳಿಸಿ.

ಇಂತಿ ನಿಮ್ಮ ಓದುಗ,
ಒಬ್ಬ ಪತ್ರ ಬರಹಗಾರ, ತಿಪಟೂರು